ಹಳೆಯ ವಾಡೆ ಮಾರುವಾಗ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಪೇಟೆಗಳಲ್ಲಿ ನಮ್ಮ ಹಿರಿಯರು ಕಟ್ಟಿಸಿದ ವಾಡೆಗಳು ಒಂದೊಂದಾಗಿ ಕೈಬದಲಾಗುತ್ತಿವೆ. ಹೆಬ್ಬಾಗಿಲಿನ ಎರಡೂ ಬದಿಗೆ ಕಟ್ಟೆ, ಒಳಗೆ ಕಂಬಸಾಲಿನ ಪಡಸಾಲೆ, ನಡುವೆ ಅಂಗಳ, ಜೋಳ ತುಂಬುವ ಹಗೇವು, ದೇವರ ಜಗಲಿ, ಮೇಲೆ ಮಣ್ಣಿನ ಮಾಳಿಗೆ. ಮುಂದಿನ ಖೋಲಿಯಲ್ಲಿ ಅಡತಿ ವ್ಯಾಪಾರ, ಹಿಂದೆ ಸಂಸಾರ. ಇಂಥ ಮನೆಯನ್ನು ನಾಲ್ಕು ಮಂದಿ ಅಣ್ಣತಮ್ಮಂದಿರು ಹಂಚಿಕೊಳ್ಳುವುದು ಕಷ್ಟ, ಮಾರಿ ರೊಕ್ಕ ಹಂಚಿಕೊಳ್ಳುವುದು ಸುಲಭ. ಆಗ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಹಿರಿಯರ ಮನೆ ಮಾರುವುದು ಪಾಪವಲ್ಲವೇ?

ಮಾರುವುದೇ ಪಾಪವೆಂದು ನಾವು ಹೇಳಲಾರೆವು. ವಚನಪಿತಾಮಹ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದವರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದ ತರುವಾಯ, ಹಿತಚಿಂತಕ ಮುದ್ರಣಾಲಯಕ್ಕಾಗಿ ಇದ್ದ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಮುಂದೆ ಬಾಡಿಗೆ ಮನೆಯಲ್ಲಿಯೇ ಬಾಳಿ 1964ರಲ್ಲಿ ಲಿಂಗೈಕ್ಯರಾದರು. ಆ ಮನೆ ಉಳಿದಿದ್ದರೆ ಮಕ್ಕಳಿಗೆ ಎರಡೆರಡು ಖೋಲಿ ಬರುತ್ತಿದ್ದವೋ ಏನೋ. ಅದು ಹೋದದ್ದರಿಂದ ವಚನಗಳು ನಮ್ಮೆಲ್ಲರ ಮನೆ ಸೇರಿದವು.

ಇನ್ನು ಗೋಡೆಯ ಮೋಹದ ಮಾತು. 1993ರ ಸಪ್ಟಂಬರ 30ರ ನಸುಕಿನಲ್ಲಿ ಕಿಲ್ಲಾರಿ ಸೀಮೆಯ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಹೆಚ್ಚಿನವರನ್ನು ಕೊಂದದ್ದು ಕಲ್ಲುಮಣ್ಣಿನ ದಪ್ಪ ಗೋಡೆ, ವರುಷ ವರುಷ ಮಣ್ಣು ಹಾಕಿ ಭಾರವಾದ ಮಾಳಿಗೆ. ಹಳೆಯದೆಲ್ಲ ಉಳಿಯಲೇಬೇಕೆಂಬ ಹಟ ಸಲ್ಲದು.

ನಮ್ಮ ಚಿಂತೆ ಬೇರೆ. ಸಿಟಿ ಸರ್ವೆ ಉತಾರ ತೆಗೆಸಿ ನೋಡಿರಿ: ಅಜ್ಜ, ಅಪ್ಪ, ಅಣ್ಣತಮ್ಮಂದಿರು. ಆ ವಾಡೆಯ ಇತಿಹಾಸವೆಂದರೆ ಇಷ್ಟೇ ಏನು? ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನಾಲ್ವತ್ತು ವರುಷ ರೊಟ್ಟಿ ಬಡಿದ ಸೋದರತ್ತಿ ಎಲ್ಲಿ? ವಾರಾನ್ನ ಉಂಡು ಓದಿದ ಹುಡುಗರು, ಕಟ್ಟೆಯ ಮೇಲೆ ಮಲಗಿ ಅಂಗಡಿ ಕಾಯ್ದ ಹಮಾಲ, ಮಾಳಿಗೆ ಸೋರಿದಾಗಲೆಲ್ಲ ಮಣ್ಣು ಹೊತ್ತವರು ಎಲ್ಲಿ? ಅವರೆಲ್ಲ ಅಲ್ಲಿ ಬಾಳಿದವರೇ. ಅವರಿಗೆಲ್ಲ ಪಾಲು ಕೊಡಿರೆಂದು ನಾವು ಹೇಳುತ್ತಿಲ್ಲ. ಆದರೆ ಪಾಲು ಇದ್ದೂ ಮರೆತುಹೋದವಳು ಒಬ್ಬಳಿದ್ದಾಳೆ, ಮನೆಯ ಮಗಳು.

ಮಾರಾಟದ ಹೊತ್ತಿಗೆ ಅವಳ ನೆನಪಾಗುತ್ತದೆ. ಊಟಕ್ಕೆ ಕರೆದು, ಸೀರೆ ಕೊಟ್ಟು, ಉಡಿ ತುಂಬಿ, ಹಕ್ಕುಸೋಡ ಪತ್ರದ ಮೇಲೆ ಸಹಿ ಮಾಡಿಸಿಕೊಳ್ಳುತ್ತೇವೆ. ಮಹಾರಾಷ್ಟ್ರದ 1994ರ ತಿದ್ದುಪಡಿ ಅಂದಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ತಂದೆ ಅದಕ್ಕೆ ಮೊದಲೇ ತೀರಿದ್ದರೂ ಹಕ್ಕು ಉಂಟೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. 2004ರ ಡಿಸೆಂಬರ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ವಾಟಣಿಗೆ ಇದು ತಗಲುವುದಿಲ್ಲ. ಕಾಯಿದೆ ಗೊತ್ತಿದ್ದೇ ನಾವು ಸಹಿಗೆ ಅವಸರ ಮಾಡುತ್ತೇವೆ.

“ಅಕ್ಕ ತಾನಾಗಿಯೇ ಬಿಟ್ಟಳು” ಎನ್ನುವವರಿದ್ದಾರೆ. ಬಿಡಲಿ, ಅದು ಅವಳ ದೊಡ್ಡತನ. ಆದರೆ ಮನೆ ಎಷ್ಟಕ್ಕೆ ಹೋಗುತ್ತಿದೆ, ತನ್ನ ಪಾಲಿಗೆ ಎಷ್ಟು ಬರುತ್ತದೆ ಎಂಬುದು ತಿಳಿದು ಬಿಟ್ಟರೆ ತ್ಯಾಗ. ತಿಳಿಯದೆ ಬಿಟ್ಟರೆ, ನಾವು ವ್ಯಾಪಾರಸ್ಥರು, ಅದಕ್ಕೆ ಏನೆನ್ನುತ್ತಾರೆಂದು ನಮಗೇ ಚೆನ್ನಾಗಿ ಗೊತ್ತು. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆಂದು ಕೇಳಿ ಬಾಲಕ ಬಸವಣ್ಣನವರು ಬಾಗೇವಾಡಿಯ ಮನೆಯನ್ನೇ ಬಿಟ್ಟು ನಡೆದರೆಂದು ಪರಂಪರೆ ಹೇಳುತ್ತದೆ. ಬಸವ ಜಯಂತಿಯ ದಿನ ಇದನ್ನು ಕೇಳಿ ತಲೆದೂಗಿದವರೇ ಮರುದಿನ ನೋಂದಣಿ ಕಚೇರಿಯ ಮೆಟ್ಟಿಲಲ್ಲಿ ಅಕ್ಕನ ಕೈಗೆ ಪೆನ್ನು ಕೊಡುತ್ತಾರೆ.

ಆದ್ದರಿಂದ ಇಸಾರು ಪಡೆಯುವ ಮೊದಲು ಅಕ್ಕತಂಗಿಯರನ್ನು ಪಡಸಾಲೆಯಲ್ಲಿ ಕೂಡಿಸಿ ವಾಡೆಯ ಬೆಲೆಯನ್ನು ಬಾಯಿಬಿಟ್ಟು ಹೇಳಿರಿ. ಬೇಕೆಂದರೆ ಮುನಿಸಿಲ್ಲದೆ ಕೊಡಿರಿ. ಬೇಡವೆಂದರೆ ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿರಿ. ಅದೇ ದಿನ ಮನೆಯ ಹಿರಿಯಜ್ಜಿಯ ಹತ್ತಿರ ಕುಳಿತು, ಯಾವ ಖೋಲಿಯಲ್ಲಿ ಯಾರು ಯಾರು ಇದ್ದರು, ಯಾರ ಬಾಣಂತನವಾಯಿತು, ಯಾರು ಅಲ್ಲಿಯೇ ಕಣ್ಣು ಮುಚ್ಚಿದರು ಎಂಬುದನ್ನು ಕೇಳಿ ಒಂದು ಹಳೆಯ ಕೀರ್ದಿಯ ಖಾಲಿ ಹಾಳೆಗಳಲ್ಲಿ ಬರೆದುಕೊಳ್ಳಿರಿ. ಪ್ರತಿಯೊಂದನ್ನು ಮಠಕ್ಕೆ ಕಳಿಸಿದರೆ ಜೋಪಾನವಾಗಿ ಇಡುತ್ತೇವೆ.