ತಾಡಪಾಲಿನ ಕೆಳಗಿನ ಕಾರು



ಆದೋನಿಯಿಂದ ಮಂತ್ರಾಲಯಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ನನ್ನ ಭಾವನವರ ಮನೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿಳಿ ಅಂಬಾಸಿಡರ್ ಕಾರೊಂದು ನಿಂತಿದೆ. ಉತ್ತರಪಾರಾದ ಕಾರ್ಖಾನೆ ಆ ಕಾರಿನ ತಯಾರಿಕೆ ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಭಾವ ಕೊಂಡದ್ದು ಅದಕ್ಕೆ ವರ್ಷ ಮೊದಲು. ಸುದ್ದಿ ಕೇಳಿದ ವಾರವೇ ಅದರ ಮೇಲೆ ತಾಡಪಾಲು ಹೊದಿಸಿದರು. “ಇನ್ನು ಇದು ಸಿಗೋದಿಲ್ಲ. ಇಪ್ಪತ್ತು ವರ್ಷ ಬಿಟ್ಟು ನೋಡು, ಮೊಮ್ಮಗಳ ಮದುವೆ ಇದರ ದುಡ್ಡಿನಲ್ಲೇ ಆಗ್ತದೆ” ಅಂದರು. ನಾವು ನಕ್ಕೆವು, ಅವರು ನಗಲಿಲ್ಲ.

ಭಾವ ದುರಾಸೆಯವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೂಜೆಯ ಕಾಣಿಕೆಗೆ ಅವರ ಕೈ ನನ್ನದಕ್ಕಿಂತ ಬೇಗ ಜೇಬಿಗೆ ಹೋಗುತ್ತದೆ. ಪಿಂಚಣಿ ಇಲ್ಲದ ಮನುಷ್ಯ, ಮುಪ್ಪಿಗೆ ಏನಾದರೂ ಇರಲಿ ಎಂದು ಯೋಚಿಸಿದರು. ಅದನ್ನು ತಪ್ಪೆನ್ನಲು ನಾನು ಯಾರು?

ಲೆಕ್ಕದ ಮಾತು ಬೇಗ ಮುಗಿಯುತ್ತದೆ. 5 ಲಕ್ಷ ರೂಪಾಯಿಯನ್ನು ಶೇಕಡಾ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ಹತ್ತು ವರ್ಷ ಕಳೆಯುತ್ತಲೇ ಹೆಚ್ಚುಕಡಿಮೆ ಇಮ್ಮಡಿ. ನಿಂತ ಕಾರು ಅಷ್ಟನ್ನು ಗಳಿಸಬೇಕು, ತನ್ನ ಖರ್ಚನ್ನೂ ಗಳಿಸಬೇಕು. ಕಾರು ಬಂಗಾರದಂತೆ ಸುಮ್ಮನೆ ಮಲಗುವ ವಸ್ತುವಲ್ಲ. ಬ್ಯಾಟರಿ ಕೆಲವೇ ತಿಂಗಳಲ್ಲಿ ಸಾಯುತ್ತದೆ, ಟ್ಯಾಂಕಿನ ಪೆಟ್ರೋಲು ಕೆಟ್ಟು ಅಂಟಾಗುತ್ತದೆ, ಟೈರು ನಿಂತಲ್ಲೇ ಚಪ್ಪಟೆಯಾಗುತ್ತದೆ, ಬ್ರೇಕಿನ ರಬ್ಬರು ಬಿರಿಯುತ್ತದೆ, ವೈರು ಇಲಿಯ ಪಾಲು. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದು ವರ್ಷ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ವಿಂಟೇಜ್ ವಾಹನ ಎನ್ನಿಸಿಕೊಳ್ಳಲು 50 ವರ್ಷ ದಾಟಬೇಕು. ಭಾವನವರ ಕಾರು 2063ರವರೆಗೆ ಕಾಯಬೇಕು. ಅಷ್ಟರಲ್ಲಿ ಮೊಮ್ಮಗಳೇ ಅಜ್ಜಿಯಾಗುವ ಹೊತ್ತು.

ಇದಿಷ್ಟೇ ಆಗಿದ್ದರೆ ನಮ್ಮ ಪತ್ರಿಕೆಯ ಪುಟ ತುಂಬಿಸುವ ಅಗತ್ಯವಿರಲಿಲ್ಲ. ನನ್ನನ್ನು ಕಾಡಿದ್ದು ಬೇರೆ.

ಕೂಡಿಡುವುದೇ ತಪ್ಪೇ? ನಮ್ಮ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಳೆ ಕೈಕೊಟ್ಟ ವರ್ಷ ತೆಗೆಯುತ್ತಿದ್ದರು. ತೆಲುಗಿನವರು ಅದನ್ನೇ ಪಾತರ ಎನ್ನುತ್ತಾರೆ. ಈಜಿಪ್ಟಿನಲ್ಲಿ ಜೋಸೆಫನು ಏಳು ವರ್ಷ ಧಾನ್ಯ ಕೂಡಿಟ್ಟದ್ದು ಆದಿಕಾಂಡದಲ್ಲಿದೆ, ಧರ್ಮಸಭೆ ಅವನನ್ನು ಜಾಣನೆಂದಿತೇ ಹೊರತು ಲೋಭಿಯೆನ್ನಲಿಲ್ಲ. ಆದೋನಿ ಮಾರುಕಟ್ಟೆಯಲ್ಲಿ ದರ ಬಿದ್ದಾಗ ರೈತ ಹತ್ತಿಯನ್ನು ಮನೆಯ ಕೋಣೆಯಲ್ಲೇ ಒಟ್ಟಿಕೊಂಡು ಕಾಯುತ್ತಾನೆ, ಅವನೂ ತಪ್ಪಿತಸ್ಥನಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಒರೆಸಿ ಇಟ್ಟಿದ್ದಾರೆ, ಮಕ್ಕಳು ಬಾಯಿ ಬಿಟ್ಟು ನೋಡುತ್ತವೆ. ಅದೂ ಒಂದು ಬಳಕೆಯೇ.

ಹಾಗಾದರೆ ಶೆಡ್ಡಿನ ಕಾರಿನಲ್ಲಿ ಬೇರೆಯದು ಏನು? ಅದರ ಮೀಟರು. ಅಲ್ಲಿ ಕಡಿಮೆ ಕಿಲೋಮೀಟರ್ ಇದ್ದಷ್ಟೂ ಬೆಲೆ ಹೆಚ್ಚು. ಹಗೇವಿನ ಜೋಳ ಹಸಿದವನು ಬರಲಿ ಎಂದು ಕಾಯುತ್ತದೆ. ಈ ಕಾರು ಯಾರೂ ಬರದಿರಲಿ ಎಂದು ಕಾಯಬೇಕು. ಉಳಿದವರ ಅಂಬಾಸಿಡರುಗಳು ಬಾಣಂತಿಯರನ್ನು, ಮದುಮಕ್ಕಳನ್ನು, ಹೆಣಗಳನ್ನು ಹೊತ್ತು ಓಡಿ ಸವೆದು ಗುಜರಿಗೆ ಹೋದದ್ದರಿಂದಲೇ ಓಡದ ಈ ಒಂದಕ್ಕೆ ಬೆಲೆ ಬರಬೇಕು.

ಎರಡು ವರ್ಷದ ಹಿಂದೆ ಒಂದು ರಾತ್ರಿ ಪಕ್ಕದ ಮನೆಯ ಅಜ್ಜನಿಗೆ ಎದೆನೋವು ಬಂತು. ರಾಯಚೂರಿಗೆ ಒಯ್ಯಬೇಕಿತ್ತು. ಅವರ ಮಗ ಓಡಿ ಬಂದು ಬಾಗಿಲು ಬಡಿದ: “ಅಣ್ಣಾ, ಕಾರು ತೆಗೀರಿ.” ಭಾವ, “ಬ್ಯಾಟರಿ ಇಲ್ಲಪ್ಪಾ” ಅಂದರು. ಸುಳ್ಳಲ್ಲ, ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಅಜ್ಜ ಆಟೋದಲ್ಲಿ ಹೋದರು, ಬದುಕಿ ಬಂದರು, ಈಗಲೂ ಭಾನುವಾರದ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಆದರೆ ಕೆಲವು ದಿನದ ಮೇಲೆ ಭಾವ ನನಗೊಬ್ಬನಿಗೇ ಹೇಳಿದರು: “ಬ್ಯಾಟರಿ ನೆನಪಾದದ್ದು ಆಮೇಲೆ ಕಣೋ. ಬಾಗಿಲು ತೆರೆದ ಕೂಡಲೇ ತಲೆಗೆ ಬಂದದ್ದು ಮೀಟರು.”

ಈ ಮಾತು ನನ್ನನ್ನು ಬಿಟ್ಟಿಲ್ಲ, ಇಲ್ಲಿ ಬರೆಯಲು ಅವರೇ ಒಪ್ಪಿಗೆ ಕೊಟ್ಟರು. ಯಜಮಾನನ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನ ಕಥೆ ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುತ್ತದಲ್ಲ, ಅವನೂ ಕದ್ದವನಲ್ಲ, ಪೋಲು ಮಾಡಿದವನಲ್ಲ. ಬರೀ ಹೆದರಿದವನು.

1964ರ ಡಿಸೆಂಬರಿನಲ್ಲಿ ಮುಂಬಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಬಂದ ಜಗದ್ಗುರು ಆರನೇ ಪೌಲರು ಹಿಂದಿರುಗುವಾಗ ತಮ್ಮ ಬಿಳಿ ಲಿಂಕನ್ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟುಹೋದರು. ತಾಯಿ ಅದರಲ್ಲಿ ಓಡಾಡಲಿಲ್ಲ, ಶೆಡ್ಡಿನಲ್ಲೂ ಇಡಲಿಲ್ಲ. ಲಾಟರಿ ಚೀಟಿ ಎತ್ತಿಸಿ, ಬಂದ ಹಣವನ್ನು ಆಸನ್ಸೋಲಿನ ಹತ್ತಿರದ ಶಾಂತಿನಗರದಲ್ಲಿ ಕುಷ್ಠರೋಗಿಗಳ ನೆಲೆಗೆ ಹಾಕಿದರು. ಜಗದ್ಗುರುಗಳು ಕೂತ ಕಾರು! ಕಾದಿದ್ದರೆ ಇವತ್ತು ಅದಕ್ಕೆ ಏನು ಬೆಲೆ ಬರುತ್ತಿತ್ತೋ. ಆದರೆ 1964ರ ರೋಗಿ ಇವತ್ತಿನವರೆಗೆ ಕಾಯಲಾರ.

ಭಾವನವರಿಗೆ ಇದನ್ನು ಹೇಳಿದೆ. ಅವರು ಸುಲಭಕ್ಕೆ ಬಗ್ಗುವವರಲ್ಲ. “ತಾಯಿಗೆ ಪೋಪ್ ಪುಕ್ಕಟೆ ಕೊಟ್ಟರು. ನನಗೆ ಯಾರು ಕೊಟ್ಟರು? ಬೆವರು ಸುರಿಸಿ ಕೊಂಡದ್ದು” ಅಂದರು. ಅದರಲ್ಲಿ ನ್ಯಾಯವಿದೆ. ಕೊಟ್ಟದ್ದನ್ನು ಕೊಡುವುದು ಬೇರೆ, ದುಡಿದದ್ದನ್ನು ಬಿಡುವುದು ಬೇರೆ. ಅವರ ಮುಪ್ಪಿಗೆ ನಾನೇನೂ ಆಧಾರ ಕೊಡಲಾರೆ.

ಕಳೆದ ತಿಂಗಳು ಹೋದಾಗ ತಾಡಪಾಲು ತೆಗೆದಿತ್ತು, ಹೊಸ ಬ್ಯಾಟರಿ ಕೂತಿತ್ತು. ಮಾರಲಿಕ್ಕೋ ಓಡಿಸಲಿಕ್ಕೋ ಎಂದು ಕೇಳಿದೆ. “ನೋಡೋಣ” ಅಂದವರು ನನ್ನ ಕಡೆ ತಿರುಗಿದರು: “ಅದಿರಲಿ, ಎಮ್ಮಿಗನೂರಿನ ಹತ್ತಿರ ನೀನು ಸೈಟು ಕೊಂಡು ಎಷ್ಟು ವರ್ಷ ಆಯ್ತು? ಪಕ್ಕದವರು ಎರಡು ಎಮ್ಮೆ ಕಟ್ಟಿಕೊಳ್ತೀವಿ ಅಂದಾಗ ತಂತಿಬೇಲಿ ಹಾಕಿಸಿದೆಯಂತೆ, ಯಾಕೆ?”

ಬೆಲೆ ಬರಲಿ ಎಂದು, ಅಂದೆ.