ಅನಂತದಲ್ಲಿ ಭೇದ

ಸೀಮಿತವಾದುದು ಅನಂತವನ್ನು ಸೇರಿದಾಗ ತನ್ನತನ ಉಳಿಯುತ್ತದೆಯೇ? ಮುಕ್ತಿಯಲ್ಲಿ ಜೀವ ಬ್ರಹ್ಮವೇ ಎನ್ನುತ್ತದೆ ಅದ್ವೈತ. ಅಲ್ಲಿಯೂ ಭೇದವುಂಟು ಎನ್ನುತ್ತದೆ ಮಧ್ವಮತ. ಪೀನ (ಎಲ್ಲಿಯೂ ಒಳಬಾಗದ) ಆಕಾರಗಳ ಜ್ಯಾಮಿತಿಯಲ್ಲಿ ಈ ಪ್ರಶ್ನೆಯನ್ನು ಹೋಲುವ ಲೆಕ್ಕವೊಂದಿದೆ.

ಬೆಂಗಳೂರಿನ ರಾಜಾಜಿನಗರದ 30×40 ಅಡಿ ನಿವೇಶನವೊಂದನ್ನು ಸುತ್ತಲೂ ಸಮದೂರಕ್ಕೆ ಹಿಗ್ಗಿಸಿದರೆ, ಯಾಕೋಬ್ ಸ್ಟೈನರ್ 1840ರಲ್ಲಿ ಕೊಟ್ಟ ಸೂತ್ರದಂತೆ ವಿಸ್ತೀರ್ಣವು ಮೂರು ಪದಗಳ ಮೊತ್ತ: ಮೂಲದ 1,200 ಚದರಡಿ, 140 ಅಡಿ ಸುತ್ತಳತೆ ಗುಣಿಸು ದೂರ, ಪೈ ಗುಣಿಸು ದೂರದ ವರ್ಗ. ದೂರ ಬೆಳೆದಂತೆ ಮೂರನೆಯ ಪದವೇ ಪ್ರಧಾನ; ಹಿಗ್ಗಿದ ಆಯತಕ್ಕೂ ಆ ದೂರವೇ ತ್ರಿಜ್ಯವಾದ ವೃತ್ತಕ್ಕೂ ವಿಸ್ತೀರ್ಣದ ಅನುಪಾತ 1ನ್ನು ಸಮೀಪಿಸುತ್ತದೆ.

ಆದರೆ ಮೂಲ ನಿವೇಶನದಷ್ಟೇ ವಿಸ್ತೀರ್ಣದ ವೃತ್ತದ ಸುತ್ತಳತೆ ಸುಮಾರು 122.8 ಅಡಿ. ಎರಡನ್ನೂ ಒಂದೇ ದೂರ ಹಿಗ್ಗಿಸಿದರೆ ವಿಸ್ತೀರ್ಣಗಳ ಅಂತರವು ದೂರದ ಸುಮಾರು 17.2 ಪಟ್ಟಾಗಿ ಮಿತಿಯಿಲ್ಲದೆ ಬೆಳೆಯುತ್ತದೆ. ಅನುಪಾತದಲ್ಲಿ ಅಭೇದ, ವ್ಯವಕಲನದಲ್ಲಿ ಭೇದ. ಗಣಿತ ಮತಗಳ ವಾದವನ್ನು ತೀರ್ಮಾನಿಸದು. ಅಳತೆಗೋಲು ಬೇರೆಯಾದರೆ ಎರಡೂ ಹೇಳಿಕೆಗಳು ಒಟ್ಟಿಗೇ ನಿಜವಾಗಬಲ್ಲವೆಂದು ತೋರಿಸುತ್ತದೆ.