ಹಾಡಿದ ಮೇಲಿನ ಮಾತು

● ಶಿಷ್ಯೆ ಹಾಡಿ ನಿಲ್ಲಿಸಿದ ಕೂಡಲೇ ಗುರು ಬಾಯಿ ತೆರೆಯಬೇಕಿಲ್ಲ. ತಂಬೂರಿ ಇನ್ನೆರಡು ಸುತ್ತು ಮಿಡಿಯಲಿ. ಅಷ್ಟರಲ್ಲಿ ಅರ್ಧ ತಪ್ಪು ಹಾಡಿದವಳಿಗೇ ಹೊಳೆದಿರುತ್ತದೆ. ಉಳಿದರ್ಧ ಹೇಳಿದರೆ ಸಾಕು.

● 'ಯಾಕೋ ಸರಿ ಬರಲಿಲ್ಲ' ಎಂದರೆ ಮಗು ಮುಖ ಸಪ್ಪೆ ಮಾಡಿಕೊಂಡು ಮನೆಗೆ ಹೋಗುತ್ತದೆ. 'ಅನುಪಲ್ಲವಿಯ ಎರಡನೇ ಸಂಗತಿಯಲ್ಲಿ ತಾರಷಡ್ಜ ಮುಟ್ಟುವ ಮೊದಲೇ ಉಸಿರು ಮುಗಿಯಿತು' ಎಂದರೆ ಅದೇ ಮಗು ಮನೆಗೆ ಹೋಗಿ ಶ್ರುತಿ ಪೆಟ್ಟಿಗೆ ಹಾಕುತ್ತದೆ.

● ಒಂದು ಕೀರ್ತನೆಯಲ್ಲಿ ಹತ್ತು ತಪ್ಪು ಕೇಳಿಸಬಹುದು. ಹತ್ತನ್ನೂ ಎಣಿಸಿ ಹೇಳಿದರೆ ಗುರುವಿನ ಕಿವಿ ಎಷ್ಟು ಚುರುಕು ಎಂಬುದಷ್ಟೇ ತಿಳಿಯುತ್ತದೆ. ಯಾವುದೊಂದು ಸರಿಹೋದರೆ ಬೇರೆ ನಾಲ್ಕು ತಾವಾಗಿ ಸರಿಹೋಗುತ್ತವೋ ಅದನ್ನು ಆರಿಸುವುದೇ ಕಲಿಸುವವರ ಕಸುಬು. ಬಹಳ ಸಲ ಆ ಒಂದು ಉಸಿರೇ ಆಗಿರುತ್ತದೆ.

● ಶ್ರುತಿ ಸೇರದಿರುವುದು ಒಂದೇ ಕಾಯಿಲೆಯಲ್ಲ. ದೀರ್ಘ ಸ್ವರದ ಕೊನೆಯಲ್ಲಿ ತಗ್ಗಿದರೆ ಉಸಿರು ಸಾಲದು. ಮೇಲೇರುವಾಗ ಶ್ರುತಿ ಮೀರಿದರೆ ಕುತ್ತಿಗೆ ಬಿಗಿದಿರಬಹುದು, ಇಲ್ಲವೇ ಗಾಬರಿ. ಎಲ್ಲೆಡೆ ತೇಲಿದರೆ ಕಿವಿ ಇನ್ನೂ ತಂಬೂರಿಯ ಕಡೆಗಿಲ್ಲ. ಮೂರಕ್ಕೂ ಒಂದೇ ಗದರಿಕೆ ಹಾಕಿದರೆ ಮೂರೂ ಹಾಗೇ ಉಳಿಯುತ್ತವೆ.

● ತಂಬೂರಿಗೆ ಪ ಸ ಸ ಸ ಎಂದು ನಾಲ್ಕೇ ತಂತಿ. ಆದರೂ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತೇಲಿಬರುತ್ತದೆ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡುವ ಮಗುವಿಗೆ ಬೇಕಾದ ಗಾಂಧಾರವೂ ಅದೇ. 'ನಿನ್ನ ಗ ತಪ್ಪು' ಎನ್ನುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂರಿಸಿ ಅದನ್ನು ಕೇಳಿಸಿ. ಮಗು ತಾನೇ ಹೋಗಿ ಅದನ್ನು ಸೇರಿಕೊಳ್ಳುತ್ತದೆ.

● ಮೇಷ್ಟ್ರ ಶ್ರುತಿ ಕಪ್ಪು ಒಂದು, ಹುಡುಗಿಯ ಶ್ರುತಿ ಬಿಳಿ ಐದು ಅಥವಾ ಕಪ್ಪು ನಾಲ್ಕು. ವರ್ಷಗಟ್ಟಲೆ ಮೇಷ್ಟ್ರ ಶ್ರುತಿಯಲ್ಲೇ ಹಾಡಿಸಿ, ಕೊನೆಗೆ 'ನಿನಗೆ ಮಂದ್ರ ಬರುವುದಿಲ್ಲ, ದನಿ ಕುಗ್ಗುತ್ತದೆ' ಎಂದು ದೂರುವುದು ಅನ್ಯಾಯ. ಅಲ್ಲಿ ತಿದ್ದಬೇಕಾದದ್ದು ಶ್ರುತಿ ಪೆಟ್ಟಿಗೆಯನ್ನು.

● ಹನ್ನೆರಡು–ಹದಿನೈದರ ವಯಸ್ಸಿನ ಹುಡುಗರ ದನಿ ಒಡೆಯುತ್ತದೆ. ನಿನ್ನೆ ಏರಿದ ಸ್ವರ ಇಂದು ಏರದು. ಅದು ಸೋಮಾರಿತನವಲ್ಲ, ಅಭ್ಯಾಸದ ಕೊರತೆಯೂ ಅಲ್ಲ, ಧ್ವನಿತಂತುಗಳು ಬೆಳೆಯುತ್ತಿವೆ. ಆಗ ಶ್ರುತಿ ಇಳಿಸಿ, ತಾಳ ಗಟ್ಟಿ ಮಾಡಿಸಿ, ಕೇಳ್ಮೆ ಹೆಚ್ಚಿಸಿ. ಆ ವಯಸ್ಸಿನಲ್ಲಿ ನಗೆಪಾಟಲಾದ ಹುಡುಗ ಹಾಡುವುದನ್ನೇ ಬಿಟ್ಟುಬಿಡುತ್ತಾನೆ.

● ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ಅದಕ್ಕೆ ತೂಗಾಟ. ಕೇಳುವವರಿಗೆ ಅಪಶ್ರುತಿ ಎನಿಸಿದ್ದು ಅನೇಕ ಸಲ ತೂಗಾಟ ಅರ್ಧಕ್ಕೇ ನಿಂತದ್ದರ ಫಲ. ಗಮಕದ ತಪ್ಪನ್ನು ಸ್ವರಸ್ಥಾನದ ತಪ್ಪೆಂದು ಹೇಳಿದರೆ ಶಿಷ್ಯ ಹಾರ್ಮೋನಿಯಂನಲ್ಲಿ ಹುಡುಕುತ್ತಾನೆ, ಅಲ್ಲಿ ಅದು ಸಿಗುವುದೇ ಇಲ್ಲ.

● ಒಂದನೇ ಕಾಲದಲ್ಲಿ ಚೊಕ್ಕವಾಗಿದ್ದ ವರಸೆ ಮೂರನೇ ಕಾಲದಲ್ಲಿ ಕಲಸಿಹೋದರೆ ವೇಗವನ್ನು ಬೈಯಬೇಡಿ. ಎರಡನೇ ಕಾಲಕ್ಕೆ ಇಳಿಸಿ, ಯಾವ ಎರಡು ಸ್ವರಗಳ ನಡುವೆ ನಾಲಿಗೆ ಎಡವುತ್ತದೆ ನೋಡಿ. ಆ ಎರಡು ಸ್ವರವೇ ಇವತ್ತಿನ ಪಾಠ.

● 'ತಾಳ ತಪ್ಪಿದೆ' ಎಂಬ ಮಾತಿಗೂ ವಿಳಾಸ ಬೇಕು. ಎಡುಪು ಹಿಡಿಯಲಿಲ್ಲವೋ, ಕೈ ಓಡಿತೋ, ಇಲ್ಲವೇ ಕೈ ಸರಿಯಾಗಿಯೇ ಇದ್ದು ಹಾಡು ಎಳೆದಾಡಿತೋ? ಆದಿತಾಳದ ಎಂಟು ಅಕ್ಷರಗಳಲ್ಲಿ ಎಷ್ಟನೆಯದರ ಮೇಲೆ ಜಾರಿತು ಎಂದು ಹೇಳಬಲ್ಲವರಷ್ಟೇ ಜಾರಿದ್ದನ್ನು ತಿದ್ದಬಲ್ಲರು.

● 'ಮೂಗಿನಲ್ಲಿ ಹಾಡಬೇಡ' ಎಂದರೆ ಮಗುವಿಗೆ ಏನೂ ತಿಳಿಯದು. ಅಕಾರ ಹಿಡಿಸಿ, ಮೂಗನ್ನು ಬೆರಳಿಂದ ಮುಚ್ಚಿಕೊಳ್ಳಲು ಹೇಳಿ. ನಾದ ಬದಲಾದರೆ ಅದು ಮೂಗಿನಿಂದ ಬರುತ್ತಿದೆ, ಬದಲಾಗದಿದ್ದರೆ ಬಾಯಿಂದ. ಹೀಗೆ ತಾನೇ ಕಂಡುಕೊಂಡದ್ದಕ್ಕೆ ಮಗು ಅಳುವುದಿಲ್ಲ, ನಗುತ್ತದೆ.

● ರಾಗ ಉಳಿಸಲು ಪದ ಮುರಿಯಬಾರದು. ದಾಸರ ಪದದ ನಡುಮಧ್ಯೆ ಉಸಿರೆಳೆದು ಒಂದು ಶಬ್ದವನ್ನು ಎರಡು ತುಂಡು ಮಾಡಿದ ಶಿಷ್ಯೆಗೆ ಆ ಸಾಲನ್ನು ಮೊದಲು ಮಾತಿನಂತೆ ಓದಿಸಿ. ಅರ್ಥ ತಿಳಿದ ಮೇಲೆ ಉಸಿರೆಳೆಯುವ ಜಾಗ ತಾನಾಗಿ ಸಿಗುತ್ತದೆ.

● ಎಸ್. ಪಿ. ಬಾಲಸುಬ್ರಹ್ಮಣ್ಯಂ ಕನ್ನಡದ 'ಎದೆ ತುಂಬಿ ಹಾಡುವೆನು' ವೇದಿಕೆಯಲ್ಲಿ ಮಕ್ಕಳ ಹಾಡು ಮುಗಿದ ಮೇಲೆ ಜಾರಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಅಂಕ ಮರೆತುಹೋಗುತ್ತದೆ, ಹಾಡಿ ತೋರಿಸಿದ್ದು ಕಿವಿಯಲ್ಲಿ ಉಳಿಯುತ್ತದೆ.

● ಸರಿಯನ್ನು ಮಾತ್ರ ಹಾಡಿ ತೋರಿಸಿದರೆ ಸಾಲದು. ಶಿಷ್ಯ ಹಾಡಿದಂತೆ ಒಮ್ಮೆ, ಇರಬೇಕಾದಂತೆ ಒಮ್ಮೆ ಹಾಡಿ, ಎರಡರಲ್ಲಿ ಯಾವುದು ಹಿತ ಎಂದು ಅವನನ್ನೇ ಕೇಳಿ. ಆದರೆ ಅವನಂತೆ ಹಾಡುವಾಗ ಅಣಕ ಬೆರೆಯಬಾರದು. ಬೆರೆತರೆ ಅವನಿಗೆ ಅಣಕ ಮಾತ್ರ ನೆನಪಿರುತ್ತದೆ.

● ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಹಾಡು ಕಲಿಸಿದರು, ಇಬ್ಬರಿಗೂ ಕಣ್ಣಿರಲಿಲ್ಲ. ಅಲ್ಲಿ ಹುಬ್ಬು ಗಂಟಿಕ್ಕಿ ತಿದ್ದುವಂತಿಲ್ಲ, 'ನನ್ನ ಬಾಯಿ ನೋಡು' ಎನ್ನುವಂತಿಲ್ಲ. ನಾದದ ತಪ್ಪನ್ನು ನಾದದಲ್ಲೇ ತಿಳಿಸಬೇಕು. ಕಣ್ಣಿದ್ದವರ ತರಗತಿಗೂ ಈ ಶಿಸ್ತು ಬಂದರೆ ನಷ್ಟವಿಲ್ಲ.

● ಕುಂದಗೋಳದ ಸವಾಯಿ ಗಂಧರ್ವರು ಗುರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಶಿಷ್ಯರು. ಕಿರಾಣಾ ಘರಾಣೆ ಒಂದೇ, ದನಿಗಳು ಬೇರೆ ಬೇರೆ. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ಕಂಠ ಗಂಡುದನಿಯಷ್ಟು ಗಂಭೀರವಾಯಿತು. ಅದನ್ನು ದೋಷವೆಂದು ತೆಳುಗೊಳಿಸಲು ಹೊರಟಿದ್ದರೆ ನಾವು ಕೇಳಿದ ಗಂಗೂಬಾಯಿ ಇರುತ್ತಿರಲಿಲ್ಲ. ದೋಷ ಯಾವುದು, ಗುಣ ಯಾವುದು ಎಂದು ತಿಳಿಯುವ ತನಕ ತಿದ್ದುವ ಕೈ ತಡೆದಿರಲಿ.

● ಶಿಷ್ಯರು ಗುರುವಿನ ಸಂಗತಿಗಿಂತ ಮೊದಲು ಗುರುವಿನ ಕೆಮ್ಮು, ಮುಖ ಸೊಟ್ಟ ಮಾಡುವ ರೀತಿ, ಕೈ ಬೀಸುವ ಚಾಳಿ ಕಲಿಯುತ್ತಾರೆ. ಅಂಥ ತಪ್ಪು ಕಂಡಾಗ ಮೊದಲು ಕನ್ನಡಿ ನೋಡಿಕೊಳ್ಳಿ.

● ಗಂಟಲು ಕಟ್ಟಿದ್ದರೂ 'ಹಾಡು, ಹಾಡಿದರೆ ಬಿಡುತ್ತದೆ' ಎನ್ನುವುದು ಸಾಧನೆಯ ಮಾತಲ್ಲ. ದನಿ ಒರಟಾಗಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ–ಮೂಗು–ಗಂಟಲಿನ ವೈದ್ಯರಿಗೆ ತೋರಿಸಬೇಕು. ಹಾಡಬೇಡ ಎನ್ನುವುದೂ ಕೆಲವೊಮ್ಮೆ ಒಳ್ಳೆಯ ಪಾಠ.

● ಹೊಗಳಿಕೆಗೂ ಜಾಗ ತೋರಿಸಬೇಕು. ಬರಿಯ 'ಭೇಷ್' ಕಿವಿಗೆ ಇಂಪು, ಕಲಿಕೆಗೆ ಶೂನ್ಯ. 'ಚರಣದಲ್ಲಿ ದನಿ ಏರಿಸದೆ ನಿಂತೆಯಲ್ಲ, ಅದರಿಂದ ಸಾಹಿತ್ಯ ಕೇಳಿಸಿತು' ಎಂದರೆ ಮುಂದಿನ ಸಲವೂ ಅವಳು ಹಾಗೇ ನಿಲ್ಲುತ್ತಾಳೆ.

● ಎಲ್ಲದಕ್ಕೂ ಶಹಬ್ಬಾಸ್ ಎನ್ನುವ ಗುರುವಿನ ಶಹಬ್ಬಾಸ್‌ಗೆ ಬೆಲೆ ಉಳಿಯದು. ಯಾವುದಕ್ಕೂ ಎನ್ನದ ಗುರುವಿನ ಮುಂದೆ ಶಿಷ್ಯನ ಬಾಯಿ ತೆರೆಯದು.

● 'ಅವಳನ್ನು ನೋಡಿ ಕಲಿ' ಎಂಬ ಮಾತು ಇಬ್ಬರನ್ನೂ ಕೆಡಿಸುತ್ತದೆ: ಒಬ್ಬಳಿಗೆ ಅಹಂಕಾರ, ಇನ್ನೊಬ್ಬಳಿಗೆ ಹೊಟ್ಟೆಯುರಿ. ಹೋಲಿಸಲೇಬೇಕಾದರೆ ಅವಳದೇ ಹೋದ ತಿಂಗಳ ಹಾಡಿನೊಂದಿಗೆ ಹೋಲಿಸಿ.

● ಎಲ್ಲರ ಎದುರು ಶ್ರುತಿ ತಿದ್ದಬಹುದು. ಶಾರೀರ, ಮೈಕಟ್ಟು, ಮಾತಿನ ತೊದಲು ಇವನ್ನು ಎಲ್ಲರ ಎದುರು ಎತ್ತಬಾರದು. ಮೊದಲನೆಯದು ಎಲ್ಲರಿಗೂ ಪಾಠವಾಗುತ್ತದೆ, ಎರಡನೆಯದು ಒಬ್ಬರಿಗೆ ಗಾಯ.

● ಕಛೇರಿ ನಡೆಯುವಾಗ ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸಿ ತಿದ್ದುವ ಗುರು ಪಕ್ಕವಾದ್ಯದವರಿಗಿಂತ ಹೆಚ್ಚು ಕಷ್ಟ ಕೊಡುತ್ತಾರೆ. ವೇದಿಕೆ ಇಳಿದ ರಾತ್ರಿ ಊಟ ಹಾಕಿ ಕಳಿಸಿ. ತಪ್ಪುಗಳಿಗೆ ಮರುದಿನ ಬೆಳಿಗ್ಗೆ ಬಿಡುವು ಇದ್ದೇ ಇದೆ.

● ಸ್ಪರ್ಧೆಯ ತೀರ್ಪುಗಾರರು ಮೂರು ನಿಮಿಷ ಕೇಳಿ ಅಂಕ ಕೊಡುತ್ತಾರೆ, ಗುರು ವರ್ಷಗಟ್ಟಲೆ ಕೇಳಿರುತ್ತಾರೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಅಂಕಪಟ್ಟಿಯಲ್ಲೂ ಆ ವರ್ಷಗಳ ಲೆಕ್ಕ ಇರುವುದಿಲ್ಲ. ಅಂಕ ಕಡಿಮೆ ಬಂದ ದಿನ ಆ ಲೆಕ್ಕವನ್ನು ಶಿಷ್ಯನಿಗೆ ಓದಿ ಹೇಳಬೇಕಾದವರು ಗುರುವೇ.

● ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ, ಪರರಿಗೆ ಗಾಳಿಯಲ್ಲಿ ಮಾತ್ರ. ಅದಕ್ಕೇ ಮೊಬೈಲಿನಲ್ಲಿ ತಮ್ಮ ಹಾಡು ಕೇಳಿದವರು ಮೊದಲ ಸಲ ಬೆಚ್ಚುತ್ತಾರೆ. ಆ ಬೆಚ್ಚುವಿಕೆ ಕಳೆದ ಮೇಲೆ 'ಎಲ್ಲಿ ಜಾರಿದೆ, ನೀನೇ ಹೇಳು' ಎನ್ನಿ.

● ಅಮೆರಿಕದಲ್ಲಿರುವ ಮಗುವಿಗೆ ಮೈಸೂರಿನಿಂದ ಆನ್‌ಲೈನ್ ಪಾಠ ಹೇಳುವಾಗ ಜೊತೆಗೂಡಿ ಹಾಡಲಾಗದು. ದನಿ ತಡವಾಗಿ ತಲುಪುತ್ತದೆ. ಗುರು ಒಂದು ಸಾಲು, ಶಿಷ್ಯೆ ಒಂದು ಸಾಲು. ಗುರುವಿನ ದನಿಯ ಮರೆಯಲ್ಲಿ ಅಡಗಿದ್ದ ತಪ್ಪು ಹೀಗೆ ಬಯಲಾಗುತ್ತದೆ. ಎದುರಿಗೆ ಕೂತ ತರಗತಿಯಲ್ಲೂ ದಿನಕ್ಕೊಮ್ಮೆ ಗುರು ಸುಮ್ಮನಾಗಿ ಶಿಷ್ಯೆಯೊಬ್ಬಳನ್ನೇ ಹಾಡಿಸುವುದು ಒಳ್ಳೆಯದು.

● ಬಾಗಿಲಲ್ಲಿ ನಿಂತ ಅಮ್ಮ 'ಹೇಗೆ ಹಾಡ್ತಾಳೆ ಮೇಡಂ?' ಎಂದು ಕೇಳಿದಾಗ ಕೊಡುವ ಉತ್ತರವನ್ನೂ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಒಳಗೊಂದು ಹೊರಗೊಂದು ಹೇಳಿದರೆ ಎರಡನ್ನೂ ಅದು ನಂಬುವುದಿಲ್ಲ.

● ತಿದ್ದಿಸಿಕೊಳ್ಳುವುದೂ ಒಂದು ವಿದ್ಯೆ. 'ಮನೆಯಲ್ಲಿ ಚೆನ್ನಾಗಿ ಬರುತ್ತಿತ್ತು' ಎಂಬ ಸಮಜಾಯಿಷಿ ಎಲ್ಲ ಶಿಷ್ಯರಿಗೂ ಬಾಯಿಪಾಠ. ಅದನ್ನು ನುಂಗಿ, ಹೇಳಿದ ಸಾಲನ್ನು ತಕ್ಷಣ ಮತ್ತೆ ಹಾಡಿದವನು ಅಂದೇ ಒಂದು ಮೆಟ್ಟಿಲು ಏರಿದ.

● ಗುರುವಿನ ಕಿವಿಯನ್ನು ಶಿಷ್ಯನಿಗೆ ದಾಟಿಸುವುದೇ ಎಲ್ಲ ತಿದ್ದುಪಡಿಯ ಗುರಿ. ಯಾವಾಗಲೂ ಗುರುವೇ ತಪ್ಪು ಹಿಡಿಯಬೇಕಾದರೆ ಪಾಠ ಇನ್ನೂ ಮುಟ್ಟಿಲ್ಲ.

● ಹಾಡು ಹೇಳಿಕೊಡುವವರೇ, ನಾಳೆಯ ತರಗತಿಯ ಕೊನೆಗೆ ಪ್ರತಿಯೊಬ್ಬರನ್ನೂ ಒಂದು ಮಾತು ಕೇಳಿ ಕಳಿಸಿ: 'ಈ ವಾರ ಮನೆಯಲ್ಲಿ ಯಾವುದನ್ನು ಸಾಧನೆ ಮಾಡ್ತೀಯ?' ಸ್ವರದ, ಸಾಲಿನ ಹೆಸರು ಹೇಳಿ ಉತ್ತರ ಬಂದರೆ ನೀವು ತಿದ್ದಿದ್ದು ತಲುಪಿದೆ. 'ಚೆನ್ನಾಗಿ ಹಾಡ್ತೀನಿ' ಎಂದಷ್ಟೇ ಬಂದರೆ ತಲುಪಿಲ್ಲ. ಬೇಸರಿಸದೆ, ಬೇರೆ ರೀತಿಯಲ್ಲಿ, ಮತ್ತೊಮ್ಮೆ ಹೇಳಿ.